ಏರಿನಲ್ಲಿ ನಿಂತ ಜೀಪು

ವನಗೂರಿನ ಜೀಪ್ ಡ್ರೈವರ್ ಅಮ್ಜದನಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ. ಮಳೆ ಯಾವಾಗ ಬಿಡುತ್ತದೆ, ಯಾರ ಎಮ್ಮೆ ಗಬ್ಬ ನಿಂತಿದೆ, ಎಲ್ಲಕ್ಕೂ ಗೇರು ಬದಲಿಸುವಷ್ಟರಲ್ಲಿ ಉತ್ತರ ಕೊಡುತ್ತಾನೆ. ಮಗಳು ಫಿರ್ದೋಸ್ ಡಿಗ್ರಿಗೆ ಫಿಸಿಕ್ಸ್ ತೆಗೆದುಕೊಳ್ಳುತ್ತೇನೆ ಎಂದಾಗಲೂ, "ಬಿಕಾಂ ಮಾಡು, ಎಸ್ಟೇಟ್ ಆಫೀಸಿನ ನೆರಳಲ್ಲಿ ಕೂತ್ಕೋ" ಎಂದು ಮುಗಿಸಿದ. ಅರ್ಜಿಗೆ ನಾಳೆ ಕೊನೆಯ ದಿನ. ಕೆಸರಿನ ಏರು ಬಂದರೆ, "ಎಲ್ರೂ ಹಿಂದಕ್ಕೆ ಸರ್ಕೊಳ್ರಪ್ಪ, ಭಾರ ಇಲ್ದಿದ್ರೆ ಚಕ್ರ ಜಾರ್ತೈತೆ" ಎಂದು ಗದರುವುದು ಅವನ ರೂಢಿ. ನಿನ್ನೆ ಫಿರ್ದೋಸ್, "ಭಾರ ಹೆಚ್ಚಿದ್ರೆ ಹಿಡಿತ ಹೆಚ್ಚೋದ್ಯಾಕೆ ಅಬ್ಬಾ?" ಎಂದಳು. ಇವತ್ತು ಅಮ್ಜದ್ ಅದೇ ಏರಿನಲ್ಲಿ ಜನರನ್ನು ಮೂರು ಸಲ ಇಳಿಸಿ ಹತ್ತಿಸಿ, ಹಿಂದಿನ ಚಕ್ರದೆದುರು ಕುಕ್ಕರುಗಾಲಿನಲ್ಲಿ ಕೂತ. "ಏನ್ ಹುಡುಕ್ತಿದೀಯ ಮಾರಾಯ?" ಎಂದರು ಜೀಪಿನಲ್ಲಿ ಬಂದಿದ್ದ ಬೆಳೆಗಾರ ಸುಬ್ಬಯ್ಯ. "ಇಪ್ಪತ್ತು ವರ್ಷದಿಂದ ಈ ಏರು ಹತ್ತಿಸ್ತಿದೀನಿ, ಭಾರಕ್ಕೆ ಚಕ್ರ ಯಾಕೆ ಹಿಡೀತೈತೆ ಅಂತ ನಂಗೇ ಗೊತ್ತಿಲ್ಲ ಕಣ್ರೀ. ಮಗ್ಳೇ ಆ ಫಿಸಿಕ್ಸ್ ಓದ್ಕೊಂಡು ಬಂದು ಹೇಳ್ಲಿ ಬಿಡಿ."