ಬುರ್ಗಿಯ ಹಲಗೆ ಬೀಳುವ ಮುನ್ನ

ಕಾಡಿನಂಚಿನ ಮಂಜು ಇನ್ನೂ ಕರಗಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದಿಟ್ಟು, ಬಂದಷ್ಟು ಬೆಳಕಿನಲ್ಲೇ ಕ್ವಿರಿನ್ ಹಾಸ್ಲ್‌ಬೆಕ್ ಮರದ ಹಲಗೆಯ ಮೇಲೆ ಬ್ರೆಡ್ಡಿನ ಚಿತ್ರ ಬರೆಯುತ್ತಿದ್ದಾರೆ. ಬೇಕರಿಯ ಪೆಪ್ಪಿ ತೀರಿಕೊಂಡು ವಾರವಾಗಿದೆ. ಪೆಪ್ಪಿಯವರ ಹೆಂಡತಿ ಝೆಂಟಾ ಒಲೆಗೆ ಬ್ರೆಡ್ ಹಾಕಿ, ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಾರೆ.

"ಕ್ವಿರಿನಣ್ಣ, ಪದ್ಯ ಒಸಿ ನಾಜೂಕಾಗಿರ್ಲಿ. ಅಳಿಯನ ಕಡೆಯೋರು ಮ್ಯೂನಿಕ್ಕಿಂದ ಬತ್ತಾವ್ರೆ. ಸ್ಕೂಲ್ ಭಾಷೇಲೇ ಬರ್ದ್ಬುಡು."

ಕುಂಚ ನಿಲ್ಲುತ್ತದೆ. "ಆ ತಪ್ಪ ಒಂದ್ಸಲ ಮಾಡಿವ್ನಿ ಕಣಮ್ಮ."

ಈ ಸೀಮೆಯಲ್ಲಿ ಸತ್ತವರ ನೆನಪಿಗೆ ದಾರಿಬದಿಯಲ್ಲಿ ಹಲಗೆ ನಿಲ್ಲಿಸುತ್ತಾರೆ. ಮೇಲೆ ಚಿತ್ರ, ಕೆಳಗೆ ಊರಮಾತಿನ ಪದ್ಯ. ಒಮ್ಮೆ ನಿಲ್ಲಿಸಿದರೆ ಮುಗಿಯಿತು, ಬಣ್ಣ ಬಳಿಯುವಂತಿಲ್ಲ, ಆಸರೆ ಕೊಡುವಂತಿಲ್ಲ. ಮಳೆ ಹಿಮಕ್ಕೆ ಕೊಳೆತು ತಾನಾಗಿ ನೆಲಕ್ಕೆ ಬಿದ್ದ ದಿನ ಆ ಜೀವಕ್ಕೆ ಬಿಡುಗಡೆ. ಸುಮಾರು ನಲವತ್ತು ವರ್ಷಗಳಿಂದ ಇಲ್ಲಿನ ಚಿತ್ರವೂ ಪದ್ಯವೂ ಕ್ವಿರಿನ್ ಅವರದೇ. ಹೋಟೆಲಿನ ಯಜಮಾನ ಸತ್ತಾಗ ಹೀಗೆ ಬರೆದಿದ್ದರು: "ಬದ್ಕಿರೋಗಂಟ ಅರ್ಧ ಬಿಯರು, ಅರ್ಧ ನೊರೆ ಕೊಟ್ಟ. ದ್ಯಾವ್ರೇ, ನೀನಾದ್ರೂ ಅವನ ಲೋಟ ತುಂಬ್ಸಿ ಕೊಡಪ್ಪ." ಅವನ ಹೆಂಡತಿ ಅಳುತ್ತಲೇ ನಕ್ಕಳಂತೆ.

ಇಷ್ಟಾದರೂ ಇವರ ಹೆಸರು ಯಾವ ಹಲಗೆಯ ಮೂಲೆಯಲ್ಲೂ ಇಲ್ಲ. ಪೇಟೆಯಲ್ಲಿ ಕ್ಯಾಲೆಂಡರ್ ಅಚ್ಚು ಹಾಕುವವರು ಒಮ್ಮೆ ಇವರ ಚಿತ್ರಗಳನ್ನು ಇಟ್ಟುಕೊಂಡು, ಇದು ದನ ಕಾಯುವವರ ಮಾತು ಎಂದು ಪದ್ಯಗಳನ್ನು ವಾಪಸು ಕಳಿಸಿದರು. ಅದು ಮನಸ್ಸಿಗೆ ನಾಟಿಬಿಟ್ಟಿತು. ಅದೇ ಚಳಿಗಾಲ ಹೆಂಡತಿ ಬುರ್ಗಿ ತೀರಿಕೊಂಡಾಗ, ಪೇಟೆಯ ನೆಂಟರೆದುರು ನಾಚಿಕೊಂಡು, ಅವಳ ಪೂರ್ತಿ ಹೆಸರು ಹಾಕಿ ಸ್ಕೂಲ್ ಭಾಷೆಯಲ್ಲಿ ಬರೆದರು: "ಸದ್ಗುಣಸಂಪನ್ನೆಯಾದ ವಾಲ್‌ಬುರ್ಗಾ ಚಿರಶಾಂತಿಯನ್ನು ಹೊಂದಿದಳು."

"ನನ್ನ ಪದ್ಯ ಕೇಳಿ ಮೊದ್ಲು ನಗ್ತಿದ್ದೋಳೇ ಅವ್ಳು. ನಗ್ನಿಲ್ಲ ಅಂದ್ರೆ ಅದ್ನ ಒಲೆಗಾಕ್ತಿದ್ದೆ. ಅವ್ಳಿಗೇ ಯಾರೋ ಊರಿಗ್ ಹೊಸ್ಬ ಮಾತಾಡ್ದಂಗೆ ಮಾತಾಡ್ಬುಟ್ಟೆ. ಈಗ ಅಳ್ಸಂಗಿಲ್ಲ, ತಿದ್ದಂಗಿಲ್ಲ," ಎನ್ನುತ್ತಾರೆ ಕ್ವಿರಿನ್.

ಝೆಂಟಾ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. "ನಮ್ಮೆಜಮಾನ್ರು ಒಲೆ ಮುಂದೆ ನಿಂತ್ಕಂಡೇ ನಿದ್ದೆ ಹೊಡ್ಯೋರು. ಬ್ರೆಡ್ ಸೀದ ವಾಸ್ನೆ ಬಂದ್ರೇನೇ ಎಚ್ರ ಆಯ್ತಿದ್ದುದು. ಅದ್ನೇ ಬರಿ. ಮ್ಯೂನಿಕ್ಕಿನೋರಿಗೆ ಅರ್ತ ಆಗ್ದಿದ್ರೆ ನನ್ನ ಕೇಳ್ಲಿ."

ಕ್ವಿರಿನ್ ಮತ್ತೆ ಕುಂಚ ಅದ್ದಿ, ಬ್ರೆಡ್ಡಿನ ಅಂಚಿಗೆ ಕಪ್ಪು ಹಚ್ಚುತ್ತಾರೆ.

ಗೋಡೆಗೆ ಒರಗಿಸಿದ ಇನ್ನೊಂದು ಹಲಗೆ, ತಮ್ಮ ಸಾವಿಗೆಂದು ಅವರೇ ಬರೆದಿಟ್ಟುಕೊಂಡದ್ದು. ಅದರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ಹೆಂಗಸು, ಕೆಳಗೆ ಊರಮಾತಿನಲ್ಲಿ ಒಂದೇ ಸಾಲು: "ಬುರ್ಗಿ, ತಡವಾಯ್ತು ಕಣೆ, ಈಗ್ಲಾದ್ರೂ ನಗು." ತಾವು ಹೋದ ಮೇಲೆ ಅದನ್ನು ಅವಳ ಹಲಗೆಯ ಪಕ್ಕ ನಿಲ್ಲಿಸಬೇಕು ಎಂಬುದೊಂದೇ ಆಸೆ. ಆದರೆ ಬುರ್ಗಿಯ ಹಲಗೆ ಆಗಲೇ ಬುಡ ಕೊಳೆತು ವಾಲಿದೆ.

"ಬಿದ್ರೆ ಅವ್ಳಿಗೆ ಬಿಡುಗಡೆ, ನಂಗೊತ್ತು," ಎನ್ನುತ್ತಾರೆ ಕ್ವಿರಿನ್. "ಆದ್ರೂ ದಿನಾ ಹೋಗಿ ಕೇಳ್ಕಂತೀನಿ. ನಾನು ಬರೋಗಂಟ ಒಸಿ ನಿಂತ್ಕಳೆ ಅಂತ."