ಮೇಸ್ತ್ರಿಯ ನಲವತ್ತು ಸ್ಲೈಡುಗಳು

ತಗಡಿನ ಡಬ್ಬಿ ಮಾಡುವ ಆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಕೂಗುತ್ತಿದ್ದುದು ತಂತಿಯಕ್ಕನನ್ನೇ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಹಳೇ ಕೀಬೋರ್ಡುಗಳ ರಾಶಿಯ ಪಕ್ಕ ಕುಳಿತು, ಹನ್ನೆರಡು ವರ್ಷದಿಂದ ಅಷ್ಟೂ ಯಂತ್ರಗಳನ್ನು ಸಂಭಾಳಿಸುತ್ತಿದ್ದಳು. ಕೆಲಸ ಚೊಕ್ಕ, ಬಾಯಿ ಮಾತ್ರ ಖಾರ. ಸ್ಕೂಲ್ ವ್ಯಾನ್ ಓಡಿಸುವ ಗಂಡ, "ನಮ್ಮನೇಲಿ ಒಲೆ ಹಚ್ಚೋಕೆ ಬೆಂಕಿಪೆಟ್ಟಿಗೆ ಬೇಡ, ನಿಮ್ಮಮ್ಮನ ಮೂಗಿನ ತುದಿ ಸಾಕು" ಎಂದು ಮಕ್ಕಳೆದುರು ನಗುತ್ತಿದ್ದ.

ತಗಡು ಒತ್ತಿ ಕತ್ತರಿಸುವ ಪ್ರೆಸ್ಸುಗಳ ಮೇಸ್ತ್ರಿಯ ಮುಂದೆ ಮಾತ್ರ ಅವಳ ದನಿ ಏರುತ್ತಿರಲಿಲ್ಲ. ಹಿಂದಿನ ವರ್ಷ ನಾಲ್ಕನೇ ಪ್ರೆಸ್ಸು ಅವನ ಎಡಗೈಯ ಎರಡು ಬೆರಳು ನುಂಗಿತ್ತು. ಏಳೂ ಪ್ರೆಸ್ಸುಗಳ ಬಾಯಿಗಿರಬೇಕಾದ ಕಬ್ಬಿಣದ ಜಾಲರಿಗಳನ್ನು, ಕೆಲಸ ನಿಧಾನವಾಗುತ್ತದೆಂದು ಮ್ಯಾನೇಜರನೇ ಬಿಚ್ಚಿಸಿ ಹಾಕಿದ್ದ. ವರ್ಷಕ್ಕೊಮ್ಮೆ ಬರುವ ಮಾಲೀಕರಿಗೆ ಏಳೂ ಪ್ರೆಸ್ಸುಗಳ ಫೋಟೋ ತೋರಿಸಲೇಬೇಕೆಂದು ಮೇಸ್ತ್ರಿ ಹಟ ಹಿಡಿದ. ಮೂರು ವಾರ, ಊಟದ ಬಿಡುವಿನಲ್ಲಿ, ತಂತಿಯಕ್ಕ ಕಂಪ್ಯೂಟರ್ ಕಲಿಸಿದಳು. ಅವನು ಒಂದೊಂದೇ ಅಕ್ಷರ ಕುಟ್ಟಿ ನಲವತ್ತು ಸ್ಲೈಡು ಮಾಡಿ, ತನ್ನ ಪೆನ್‌ಡ್ರೈವ್‌ನಲ್ಲಿ ಮಾತ್ರ ಇಟ್ಟುಕೊಂಡ.

ಸಭೆಯ ದಿನ ಬೆಳಗ್ಗೆ ಹತ್ತಕ್ಕೆ ಮೇಸ್ತ್ರಿಯ ಫೋನ್ ಬಂತು. "ಬೇಗ ಮೇಲೆ ಬಾರಮ್ಮ. ಫೈಲು ತೆರೀತಾನೇ ಇಲ್ಲ."

ಎರಡೆರಡು ಮೆಟ್ಟಿಲು ಹಾರಿ ಹೋದಳು. ಪರದೆಯ ಮೇಲೆ ಒಂದೇ ಸಾಲು: ಫೈಲ್ ಹಾಳಾಗಿದೆ. ಉದ್ದ ಮೇಜಿನ ತುದಿಯಲ್ಲಿ ಮಾಲೀಕರು ಕೈಗಡಿಯಾರ ನೋಡುತ್ತಿದ್ದರು. ಮ್ಯಾನೇಜರ್ ಹಲ್ಲು ಕಿರಿದ. "ಮೊದ್ಲೇ ಹೇಳಿದ್ದೆ ಸಾರ್, ಇದೆಲ್ಲ ಇವರ ಕೈಲಾಗೋ ಕೆಲಸ ಅಲ್ಲ. ನನ್ನದು ಶುರು ಮಾಡ್ಲಾ?"

ಮೇಸ್ತ್ರಿ ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಅದನ್ನು ಕಂಡು ತಂತಿಯಕ್ಕನ ಮೈಯೆಲ್ಲ ಉರಿದುಹೋಯಿತು.

ಫೈಲಿನ ಗಾತ್ರ ನೋಡಿದಳು. ಸೊನ್ನೆ. ಹೆಸರಷ್ಟೇ ಇದೆ, ಒಳಗೆ ಏನೂ ಇಲ್ಲ.

"ಅಣ್ಣಾ, ಪೆನ್‌ಡ್ರೈವ್‌ನಿಂದ ಕಾಪಿ ಪೂರ್ತಿ ಆಗಿತ್ತಾ?"

"ಆಗ್ತಾ ಇತ್ತು. ಅರ್ಧದಲ್ಲೇ ಇವ್ರು ಕಿತ್ತು ತಮ್ಮದು ಚುಚ್ಚಿದ್ರು."

"ಪೆನ್‌ಡ್ರೈವ್ ಎಲ್ಲಿ ಸಾರ್?" ಎಂದು ಮ್ಯಾನೇಜರನನ್ನು ಕೇಳಿದಳು.

"ಈಗ ಅದಕ್ಕೆಲ್ಲ ಟೈಮಿಲ್ಲ ಮೇಡಂ..."

"ಎಲ್ಲಿ ಅಂತ ಕೇಳ್ದೆ!"

ಆ ಅಬ್ಬರಕ್ಕೆ ಮಾಲೀಕರೂ ಬೆಚ್ಚಿದರು. ಮ್ಯಾನೇಜರನ ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ಹೊರಬಂತು. ನಡುವೆ ಕಿತ್ತ ಏಟಿಗೆ ಅದರೊಳಗಿನ ಫೈಲೂ ಜಖಂ ಆಗಿತ್ತು. ಡ್ರೈವನ್ನು ರಿಪೇರಿ ಮಾಡಿದಳು, ಆದರೂ ತೆರೆಯಲಿಲ್ಲ. ಕೊನೆಗೆ ಖಾಲಿ ಪ್ರೆಸೆಂಟೇಶನ್ ಒಂದನ್ನು ತೆರೆದು, ಹಾಳಾದ ಫೈಲಿನಿಂದ ಸ್ಲೈಡುಗಳನ್ನು ಅದಕ್ಕೆ ಎಳೆದುಕೊಂಡಳು. ಬೆರಳು ಕೀಲಿಗಳ ಮೇಲಿದ್ದರೂ ಸಿಟ್ಟಿಗೆ ಹಲ್ಲು ಕಟಕಟ ಕಡಿಯುತ್ತಿದ್ದಳು. ಮೂವತ್ತೊಂದು ಬಂದವು. ಒಂಬತ್ತು ಹೋದವು ಹೋದವೇ.

"ತೋರಿಸಿ ಅಣ್ಣಾ."

ಮೇಸ್ತ್ರಿ ತಡವರಿಸುತ್ತಲೇ ಶುರು ಮಾಡಿದ. ಬಿಚ್ಚಿದ ಜಾಲರಿಗಳು, ಮೂಲೆಗೆಸೆದ ಬೋಲ್ಟುಗಳು ಒಂದಾದಮೇಲೊಂದು ಬಂದವು. ಮೂರನೇ ಪ್ರೆಸ್ಸು ಮುಗಿದದ್ದೇ ಐದನೆಯದು ಬಂತು.

"ನಾಲ್ಕನೇದು ಎಲ್ಲಪ್ಪಾ?" ಎಂದರು ಮಾಲೀಕರು.

ಮೇಸ್ತ್ರಿ ಬೆನ್ನ ಹಿಂದಿನ ಕೈ ತೆಗೆದು ಮೇಜಿನ ಮೇಲಿಟ್ಟ.

ತಿಂಗಳೊಳಗೆ ಏಳಕ್ಕೂ ಜಾಲರಿ ಹಾಕಿಸಬೇಕೆಂದು ಮಾಲೀಕರು ಅಲ್ಲೇ ಹೇಳಿಹೋದರು. ಮಾರನೇ ದಿನ ತಂತಿಯಕ್ಕನ ಕೈಗೆ ನೋಟಿಸು ಬಂತು: ಮೇಲಧಿಕಾರಿಯ ಮೇಲೆ ಕಿರುಚಿದ್ದೇಕೆ? "ಮೆತ್ತಗೆ ಕೇಳಿದಾಗ ಅವರಿಗೆ ಕೇಳಿಸಲಿಲ್ಲ" ಎಂದು ಒಂದೇ ಸಾಲು ಬರೆದು ಸಹಿ ಹಾಕಿದಳು.

ತಿಂಗಳು ಕಳೆದ ದಿನ ಪ್ರೆಸ್ಸುಗಳ ಸಾಲಿಗೆ ತಾನೇ ಇಳಿದು ಹೋಗಿ ನೋಡಿದಳು. ಏಳರಲ್ಲಿ ನಾಲ್ಕಕ್ಕೆ ಜಾಲರಿ ಬಂದಿತ್ತು. ಇನ್ನು ಮೂರು ಹಾಗೇ ಬಾಯಿ ತೆರೆದು ನಿಂತಿದ್ದವು. ತಂತಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮ್ಯಾನೇಜರನ ಕೋಣೆಯ ಬಾಗಿಲನ್ನು ತಟ್ಟದೆ ದಬ್ಬಿದಳು.