ಭಾಗ್ಯಮ್ಮನ ಕೇಕು, ದಾಸಪ್ಪನವರ ಸೈರನ್

ಜಿಗಣಿಯ ನಮ್ಮ ಪಂಪು ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರಿಗಿಂತ ದೊಡ್ಡವರೆಂದರೆ ಸ್ಟಾಫ್ ಬಸ್ಸಿನ ಡ್ರೈವರ್ ದಾಸಪ್ಪನವರು. ಜನರಲ್ ಮ್ಯಾನೇಜರಿಗೆ ನಾವು ಹೆದರುತ್ತಿದ್ದುದು ವರ್ಷಕ್ಕೊಮ್ಮೆ, ಸಂಬಳ ಏರಿಸುವ ತಿಂಗಳಲ್ಲಿ. ದಾಸಪ್ಪನವರಿಗೆ ದಿನಾ ಬೆಳಿಗ್ಗೆ.

ಅದಕ್ಕೆ ಕಾರಣ ಸೈರನ್. ಬೆಳಗಿನ ಪಾಳಿಯ ಸೈರನ್ ಕೂಗುವ ಮೊದಲು ಬಸ್ಸು ಗೇಟಿನ ಒಳಗಿರಬೇಕು. ಇದು ಕಂಪನಿಯ ನಿಯಮವೇನೂ ಅಲ್ಲ. ಹೊಸೂರು ರಸ್ತೆಯಲ್ಲಿ ಬರುವವರು ಸ್ವಲ್ಪ ತಡವಾದರೆ ಯಾರೂ ಕೇಳುತ್ತಿರಲಿಲ್ಲ. ಇದು ದಾಸಪ್ಪನವರು ತಾವೇ ಮಾಡಿಕೊಂಡು, ತಾವೇ ಪಾಲಿಸಿ, ನಮ್ಮ ಮೇಲೆ ಹೇರಿದ ನಿಯಮ. ಅವರು ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ಸೈರನ್ ಅವರಿಗಿಂತ ಮೊದಲು ಕೂಗಿಲ್ಲವಂತೆ. ಹಾಗೆಂದು ಹೊಸಬರಿಗೆ ಮೊದಲ ದಿನವೂ, ಹಳಬರಿಗೆ ಮಳೆ ಬಂದಾಗಲೆಲ್ಲ ಅವರೇ ಹೇಳುತ್ತಿದ್ದರು. ಪ್ರತಿ ಸ್ಟಾಪಿನಲ್ಲಿ ಹಾರನ್ನು ಒಂದೇ ಸಲ. ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡು ಓಡಿಬಂದವರನ್ನೂ, ಒಂದೇ ಕಾಲಿಗೆ ಶೂ ಹಾಕಿಕೊಂಡು ಕುಂಟುತ್ತ ಬಂದವರನ್ನೂ ಅವರು ನಿರ್ವಿಕಾರವಾಗಿ ಬಿಟ್ಟುಹೋಗಿದ್ದಾರೆ. ನಮ್ಮ ಡಿಸ್ಪ್ಯಾಚ್ ವಿಭಾಗದಲ್ಲಿದ್ದ ಸ್ವಂತ ಅಳಿಯನನ್ನೇ ಹೊಸ ರೋಡ್ ಸ್ಟಾಪಿನಲ್ಲಿ ಬಿಟ್ಟುಬಂದಿದ್ದರು. ಆ ವಾರವಿಡೀ ಮಗಳು ಅವರ ಫೋನು ಎತ್ತಲಿಲ್ಲ.

"ಸೈರನ್‌ಗೇನು ಗೊತ್ತು ಸಾರ್, ಇವ್ನು ನನ್ ಅಳಿಯ ಅಂತ?" ಎಂದು ನನ್ನನ್ನೇ ಕೇಳಿದ್ದರು.

ಹೀಗಿದ್ದೂ ದಾಸಪ್ಪನವರೆಂದರೆ ಇಡೀ ಬಸ್ಸಿಗೆ ಪ್ರಾಣ. ಅದಕ್ಕೆ ಕಾರಣ ಕನ್ನಡಿ. ಅವರ ಸೀಟಿನ ಮೇಲೆ ಕ್ಷೌರದಂಗಡಿಯಲ್ಲಿ ಇರುವಷ್ಟು ದೊಡ್ಡದೊಂದು ಕನ್ನಡಿಯನ್ನು ಅವರೇ ಹಾಕಿಸಿದ್ದರು. ಅದು ಹಿಂದಿನ ಗಾಡಿಗಳನ್ನು ನೋಡಲಿಕ್ಕಲ್ಲ, ನಮ್ಮನ್ನು ನೋಡಲಿಕ್ಕೆ. ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಯಾರು ತಿಂಡಿ ತಿಂದಿಲ್ಲ, ಯಾರಿಗೆ ಜ್ವರ, ಎಲ್ಲ ಆ ಕನ್ನಡಿಯಲ್ಲಿ ಅವರಿಗೆ ಗೊತ್ತಾಗುತ್ತಿತ್ತು. ಅಕೌಂಟ್ಸಿನ ಮಂಜುಶ್ರೀ ಬಸುರಿಯಾದಾಗ ಅವಳಿನ್ನೂ ಅತ್ತೆಗೇ ಹೇಳಿರಲಿಲ್ಲ. ಅಷ್ಟರಲ್ಲಿ ದಾಸಪ್ಪನವರು ಮುಂದಿನ ಸೀಟಿನಿಂದ ನನ್ನನ್ನು ಎಬ್ಬಿಸಿ, "ಇಲ್ಲಿ ಬಾಮ್ಮ, ಹಿಂದೆ ಎತ್ತಾಕ್ತದೆ" ಎಂದು ಅವಳನ್ನು ಕೂರಿಸಿದ್ದರು. ನನಗೆ ಆ ಸೀಟು ಮತ್ತೆ ಸಿಗಲಿಲ್ಲ.

ಒಂದು ಮಳೆಗಾಲ ಹೊಸೂರು ರಸ್ತೆಯೇ ಕೆರೆಯಾಗಿದ್ದಾಗ ಅವರು ಬಸ್ಸನ್ನು ಹಳ್ಳಿಗಳ ಸಂದಿಗಳಲ್ಲಿ ತಿರುಗಿಸಿದರು. ಒಂದು ಕಡೆ ರಸ್ತೆಗೆ ಅಡ್ಡಲಾಗಿ ಮದುವೆಯ ಶಾಮಿಯಾನ. ಇಳಿದುಹೋಗಿ ಯಾರದೋ ಹೆಗಲ ಮೇಲೆ ಕೈ ಹಾಕಿ ಮಾತಾಡಿದರು. ಹುಡುಗಿ ಕಡೆಯವರು ಅವರ ಸೋದರಮಾವನ ಪೈಕಿಯಂತೆ. ಶಾಮಿಯಾನ ಮೇಲೆದ್ದಿತು, ನಾವು ಅದರಡಿ ಹಾದುಹೋದೆವು, ಕಿಟಕಿಗಳೊಳಗೆ ಬೋಂಡದ ತಟ್ಟೆಗಳು ಬಂದವು. ಕೊನೆಯ ಬೋಂಡ ಮುಗಿಯುವ ಹೊತ್ತಿಗೆ ಬಸ್ಸು ಗೇಟಿನ ಒಳಗಿತ್ತು. ಆಮೇಲೆ ಸೈರನ್ ಕೂಗಿತು.

ದಾಸಪ್ಪನವರು ಬೇಗೂರು ಕಡೆಯ ಹಳೇ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅಣ್ಣತಮ್ಮಂದಿರ ಬಾಡಿಗೆ ಮನೆಗಳು ಎದ್ದಿವೆ, ಇವರದೂ ಒಂದಿದೆ. "ಮತ್ತೆ ಈ ಸ್ಟೇರಿಂಗು ಯಾಕೆ ದಾಸಪ್ಪನವರೇ?" ಎಂದು ನಾನೊಮ್ಮೆ ಕೇಳಿದ್ದೆ.

"ಬಾಡಿಗೆ ಬರ್ತದೆ ಸಾರ್. ಆದ್ರೆ ಬಾಡಿಗೆ ಮನೆ ನನ್ನ ನೋಡಿ ಕೈ ಎತ್ತುತ್ತಾ? ಇಲ್ಲಿ ಸ್ಟಾಪ್ ಸ್ಟಾಪಲ್ಲೂ ಜನ ಕೈ ಎತ್ತುತಾರೆ."

ಅಂಥವರ ನಿವೃತ್ತಿ ಹತ್ತಿರ ಬಂತು. ನಮ್ಮ ಎಚ್.ಆರ್. ಮ್ಯಾನೇಜರ್ ಸಿದ್ಧಾರ್ಥ್ ಯಾವುದನ್ನೂ ಸುಮ್ಮನೆ ಬಿಡುವವರಲ್ಲ. ಕ್ಯಾಂಟೀನಿನಲ್ಲಿ ಉಪ್ಪಿಟ್ಟಿನ ಬದಲು ಅವಲಕ್ಕಿ ಮಾಡಿದರೂ ಅದಕ್ಕೊಂದು ಹೆಸರಿಟ್ಟು ಉದ್ಘಾಟಿಸುವವರು. ಈ ಕಾರ್ಯಕ್ರಮಕ್ಕೆ ಅವರು 'ಸಮಯಸಾರಥಿ' ಎಂದು ಹೆಸರಿಟ್ಟರು. 'ಒಂದು ದಿನವೂ ತಡವಾಗದ ದಾಸಪ್ಪನವರಿಗೆ' ಎಂದು ಹಿತ್ತಾಳೆಯ ಫಲಕ ಕೆತ್ತಿಸಿದರು. ಕೊನೆಯ ಬೆಳಿಗ್ಗೆ ಬಸ್ಸು ಗೇಟಿನೊಳಗೆ ಬಂದ ಬೆನ್ನಿಗೇ ಸೈರನ್ ಕೂಗುವುದನ್ನು ಹಿಡಿಯಲು ಫೋಟೊಗ್ರಾಫರನ್ನೂ ಗೊತ್ತುಮಾಡಿದರು. ಕೇಕು ಬೇಕರಿಯಿಂದ ಎಂದಾಗ ಮಾತ್ರ ಪ್ಯಾಕಿಂಗ್ ವಿಭಾಗದ ಭಾಗ್ಯಮ್ಮ ಎದ್ದು ನಿಂತರು.

"ದಾಸಣ್ಣ ಮೊಟ್ಟೆ ಮುಟ್ಟಾಕಿಲ್ಲ ಸಾರ್. ಇಷ್ಟು ವರ್ಸ ನಮ್ ಬಡ್ಡೇಗಳ ಕೇಕ್ನೆಲ್ಲ ಹಂಚವ್ರೆ, ಒಂದ್ ಚೂರು ಬಾಯಿಗಿಕ್ಕಿಲ್ಲ."

"ಎಗ್‌ಲೆಸ್ ಹೇಳ್ತೀನಿ ಭಾಗ್ಯಮ್ಮ. ಬೋರ್ಡಲ್ಲೇ ಬರ್ದಿರ್ತಾರೆ."

"ಅದ್ಕೂ ದಾಸಣ್ಣ ಒಂದ್ ಮಾತ್ ಹೇಳ್ತದೆ. ಬೋರ್ಡ್ ಬರೆಯೋನು ಬ್ಯಾರೆ, ಕೇಕ್ ಬೇಯ್ಸೋನು ಬ್ಯಾರೆ ಅಂತ. ನಾನೇ ಮಾಡ್ಕೊಂಡ್ ಬತ್ತೀನಿ, ಬುಡಿ."

ಭಾಗ್ಯಮ್ಮ ಅಲ್ಲಿಯತನಕ ಒಂದು ಕೇಕನ್ನೂ ಮಾಡಿರಲಿಲ್ಲ. ಸಿಂಗಸಂದ್ರದಲ್ಲಿ ಅವರ ಮಾವನವರ ಹೊಲವಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕಂತಸ್ತಿನ ಮನೆಯಿದೆ. ಮೂರನೇ ಮಹಡಿಯ ಬಾಡಿಗೆದಾರಳು ನೀಲಾಂಬಿಕಾ ಹುಬ್ಬಳ್ಳಿಯವಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ. ಕೇಕು ಸುಡುವ ಒಲೆ ಇದ್ದದ್ದು ಆ ಕಟ್ಟಡದಲ್ಲಿ ಅವಳೊಬ್ಬಳ ಹತ್ತಿರ. ಕರೆಂಟು ತಿನ್ನುತ್ತದೆ ಎಂದು ಅದನ್ನು ಹಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದ್ದವರೂ ಭಾಗ್ಯಮ್ಮನೇ. ಮುಂದಿನ ಕತೆಯನ್ನು ಆಮೇಲೆ ಅವರೇ ಬಸ್ಸಿನಲ್ಲಿ ಹೇಳಿದರು.

"ಏನವ್ವ, ನಿನ್ ಒಲೆ ವಸಿ ಬೇಕಾಗಿತ್ತಲ್ಲ" ಎಂದರಂತೆ ಬಾಗಿಲಲ್ಲಿ ನಿಂತು.

"ಯಾಕ್ರಿ ಅಕ್ಕಾರ, ಈಗ ಮೀಟರ್ ಓಡಂಗಿಲ್ಲೇನ್ರಿ?"

"ಓಡ್ಲಿ ಬುಡವ್ವ. ಒಂದಿನ ಓಡುದ್ರೆ ಸವೆದೋಯ್ತದಾ?"

ನೀಲಾಂಬಿಕಾ ನಕ್ಕು ಒಳಗೆ ಕರೆದಳು. ಮೊಟ್ಟೆಯ ಬದಲು ಮೊಸರು, ಸೋಡ, ಕಿವುಚಿದ ಬಾಳೆಹಣ್ಣು; ಸಕ್ಕರೆಯ ಬದಲು ಬೆಲ್ಲ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಕಲಸುವ ಹೊತ್ತಿಗೆ ಭಾಗ್ಯಮ್ಮ ಕೆಳಗಿಳಿದುಹೋಗಿ ಮುದ್ದೆ ಕೋಲು ತಂದರು. ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಮನೆಗೆ ಹತ್ತು ಜನ ಆಳು ಬಂದಿದ್ದಾರೆಂಬಂತೆ ತಿರುವತೊಡಗಿದರು.

"ಅಕ್ಕಾರ, ಇದು ಮುದ್ದಿ ಅಲ್ರಿ. ಅಷ್ಟ್ ತಿರುವಿದ್ರ ಗಟ್ಟಿ ಆಗ್ತದ."

"ತಿರುವ್ದಿದ್ರೆ ಗಂಟಾಯ್ತದೆ ಕಣವ್ವ. ಗಂಟಿದ್ರೆ ದಾಸಣ್ಣ ಏನನ್ಕತದೆ?"

ಒಲೆಯೊಳಗೆ ಇಟ್ಟ ಮೇಲೂ ಸುಮ್ಮನಿರಲಿಲ್ಲ. ಬೆಂದಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಬಾಗಿಲು ತೆಗೆದು, ನೀರು ಮುಟ್ಟಿಸಿದ ಬೆರಳಲ್ಲಿ ಒತ್ತಿ ನೋಡಿದರು. ಹೊರಗೆ ಬಂದದ್ದರಲ್ಲಿ ಗಂಟೇನೂ ಇರಲಿಲ್ಲ, ಕೇಕೂ ಇರಲಿಲ್ಲ. ಮಗ ದೀಪು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಅಮ್ಮ, ಇದನ್ನ ಇಟ್ಕೊ. ಐದನೇ ಫ್ಲೋರ್ ಕಟ್ಟಿಸ್ವಾಗ ಬೇಕಾಗುತ್ತೆ" ಎಂದನಂತೆ.

ಎರಡನೆಯ ಕೇಕಿಗೆ ನೀಲಾಂಬಿಕಾ ಮುದ್ದೆ ಕೋಲನ್ನು ಕಸಿದುಕೊಂಡು ಮನೆಯೊಡತಿಯನ್ನು ನಡುಮನೆಯಲ್ಲಿ ಕೂರಿಸಿದಳು. ನಾನು ಕರೆಯುವ ತನಕ ಏಳಬಾರದು ಎಂದಳು. ಬಾಡಿಗೆದಾರಳ ಮಾತಿಗೆ ಕಟ್ಟುಬಿದ್ದು ಭಾಗ್ಯಮ್ಮ ಕೈಕಟ್ಟಿ ಕೂತರು. ಕೇಕು ಉಬ್ಬಿತು. ನಮ್ಮ ಬಸ್ಸು ಬಿಳಿಯ ಬಣ್ಣದ್ದು, ಕೆನೆಯೂ ಬಿಳಿ. ನೀಲಾಂಬಿಕಾ ಕೇಕಿನ ಮೇಲೆ ಕೆನೆಯಲ್ಲೊಂದು ಬಸ್ಸು ಬಿಡಿಸಿ, ದುಂಡನೆಯ ಬಿಸ್ಕತ್ತುಗಳನ್ನು ಚಕ್ರಗಳಾಗಿ ಅಂಟಿಸಿದಳು.

ಇನ್ನು ಉಳಿದದ್ದು ಅದನ್ನು ಸಾಗಿಸುವ ಪ್ರಶ್ನೆ. ಆಟೊದಲ್ಲಿ ತಂದರೆ ಜಿಗಣಿ ಸೇರುವಷ್ಟರಲ್ಲಿ ಪಾಯಸವಾಗಿರುತ್ತದೆ. ಮೇಲಾಗಿ, ಕೊನೆಯ ದಿನ ಭಾಗ್ಯಮ್ಮ ಬಸ್ಸಿಗೆ ಬರಲಿಲ್ಲವೆಂದರೆ ದಾಸಪ್ಪನವರು ನೊಂದುಕೊಳ್ಳುತ್ತಾರೆ. ಹಾಗಾಗಿ ಅವರಿಗಾಗಿ ಮಾಡಿದ ಕೇಕು ಅವರದೇ ಬಸ್ಸಿನಲ್ಲಿ, ಅವರಿಗೆ ತಿಳಿಯದಂತೆ ಬರಬೇಕಾಯಿತು. ಬಸ್ಸಿನವರಿಗೆಲ್ಲ ಮೊದಲೇ ಸುದ್ದಿ ಮುಟ್ಟಿತ್ತು.

ಆ ಬೆಳಿಗ್ಗೆ ಸಿಂಗಸಂದ್ರದ ಸ್ಟಾಪಿನಲ್ಲಿ ಭಾಗ್ಯಮ್ಮ ರೇಷ್ಮೆ ಸೀರೆಯುಟ್ಟು ಹತ್ತಿದರು. ಕೈಯಲ್ಲಿ ಹಿತ್ತಾಳೆ ಹರಿವಾಣ, ಅದರ ಮೇಲೆ ಬೋರಲು ಹಾಕಿದ ಬಿದಿರ ಬುಟ್ಟಿ, ಅದಕ್ಕೆ ಹೊದಿಸಿದ ಕೆಂಪು ರವಿಕೆ ಕಣ.

"ಏನ್ ಭಾಗ್ಯಕ್ಕ ಅದು?" ದಾಸಪ್ಪನವರು ಕೇಳಿದರು.

"ತಂಬಿಟ್ಟು ಕಣಣ್ಣ. ಸೆಕ್ಸನ್ನಾಗೆ ಪೂಜೆ ಮಡಗವ್ರೆ."

"ಓ" ಎಂದು ಅವರು ಗೇರು ಹಾಕಿದರು.

ಭಾಗ್ಯಮ್ಮ ಮುಂದಿನ ಸೀಟಿನಲ್ಲಿ ಮಂಜುಶ್ರೀಯ ಪಕ್ಕ ಕೂತರು. ಮೊದಲ ಹಂಪು ಬಂತು. ಅವರು ಹರಿವಾಣವನ್ನು ತೊಡೆಯಿಂದ ಮೇಲೆತ್ತಿ ಹಿಡಿದು ಕಣ್ಣು ಮುಚ್ಚಿಕೊಂಡರು. ಬಸ್ಸು ಅದನ್ನು ದಾಟಿತು, ಇವರು ಕಣ್ಣು ತೆಗೆದರು. ಎರಡನೇ ಹಂಪಿಗೂ ಹಾಗೆಯೇ. ಮೂರನೆಯದು ಬರುವ ಹೊತ್ತಿಗೆ ಬಸ್ಸು ನಿಧಾನವಾಗಿತ್ತು. ಎಷ್ಟು ನಿಧಾನವೆಂದರೆ, ಕೋನಪ್ಪನ ಅಗ್ರಹಾರದ ಹತ್ತಿರ ಒಂದು ನೀರಿನ ಟ್ಯಾಂಕರು ನಮ್ಮನ್ನು ಹಿಂದಿಕ್ಕಿತು. ನಮ್ಮ ಬಸ್ಸಿನ ಇತಿಹಾಸದಲ್ಲಿ ಇಂಥದು ನಡೆದಿರಲಿಲ್ಲ. ನೆತ್ತಿಯ ಮೇಲೆ ಮೆಟ್ರೊ ಹೋಯಿತು, ಪಕ್ಕದಲ್ಲಿ ಮಕ್ಕಳ ಸ್ಕೂಲ್ ವ್ಯಾನು ಹೋಯಿತು, ಕಡೆಗೆ ಹಾಲಿನ ಕ್ಯಾನು ಕಟ್ಟಿದ್ದ ಒಂದು ಮೊಪೆಡ್ಡೂ ಹೋಯಿತು.

ಹೆಬ್ಬಗೋಡಿ ದಾಟುವಾಗ ಎಲ್ಲರ ಕಣ್ಣೂ ಗಡಿಯಾರದ ಮೇಲಿತ್ತು. ಮಂಜುಶ್ರೀ ಮೆಲ್ಲಗೆ ಕೇಳಿದಳು: "ದಾಸಣ್ಣ, ಗಾಡಿ ಏನಾದ್ರೂ ಟ್ರಬಲ್ಲಾ?"

"ಗಾಡಿ ನೆಟ್ಟಗೈತಮ್ಮ."

ಭಾಗ್ಯಮ್ಮ ಡ್ರೈವರ್ ಸೀಟಿನತ್ತ ಬಾಗಿದರು. ಕೇಕು ಉಳಿಯುತ್ತಿತ್ತು, ಆದರೆ ದಾಸಣ್ಣನ ಸೈರನ್ ಕೈತಪ್ಪುತ್ತಿತ್ತು. "ಅಣ್ಣ, ವಸಿ ಜೋರಾಗ್ ಓಡ್ಸು. ಸೈರನ್ ಆಗೋಯ್ತದೆ."

"ತಂಬಿಟ್ಟೈತಲ್ಲಕ್ಕ. ದೇವ್ರುದು."

"ದೇವ್ರು ಏನೂ ಅನ್ಕಳಾಕಿಲ್ಲ. ನೀನ್ ಓಡ್ಸು."

"ದೇವ್ರು ಅನ್ಕಳಲ್ಲ. ನೀನ್ ಅನ್ಕಂತೀಯ."

ತಾವೇ ಹೇಳಿದ ಸುಳ್ಳಿಗೆ ಸಿಕ್ಕಿಬಿದ್ದ ಭಾಗ್ಯಮ್ಮ ನನ್ನ ಮುಖ ನೋಡಿದರು. ನಾನು, ಸ್ಟೋರ್ಸಿನ ಹಿರಿಯನೆಂಬ ಜವಾಬ್ದಾರಿಯಿಂದ, ಕಿಟಕಿಯಾಚೆ ನೋಡಿದೆ.

ಬೊಮ್ಮಸಂದ್ರದಿಂದ ಜಿಗಣಿಯ ರಸ್ತೆಗೆ ತಿರುಗಿ, ಲಾರಿಗಳು ತೋಡಿದ ಗುಂಡಿಗಳನ್ನು ಒಂದೊಂದಾಗಿ ಬಳಸಿಕೊಂಡು, ಕಾರ್ಖಾನೆಯ ಚಿಮಣಿ ಕಾಣುವ ತಿರುವಿಗೆ ಬಂದೆವು. ಆಗ ಸೈರನ್ ಕೂಗಿತು.

ಅಷ್ಟು ವರ್ಷ ನಾವು ಆ ಸದ್ದನ್ನು ಗೇಟಿನ ಒಳಗಿಂದ ಮಾತ್ರ ಕೇಳಿದ್ದೆವು; ಹೊರಗಿನಿಂದ ಅದು ಬೇರೆ ಯಾವುದೋ ಕಾರ್ಖಾನೆಯದೆಂಬಂತೆ ಕೇಳಿಸಿತು. ದಾಸಪ್ಪನವರು ಕನ್ನಡಿಯನ್ನು ನೋಡಿದರು, ಮುಂದೆ ಇದ್ದ ಕೊನೆಯ ಹಂಪನ್ನು ನೋಡಿದರು, ಗೇರು ಇಳಿಸಿದರು.

ಗೇಟಿನಲ್ಲಿ ಸಿದ್ಧಾರ್ಥ್ ಹೂವಿನ ಹಾರ ಹಿಡಿದು ನಿಂತಿದ್ದರು. ಸೈರನ್ನಿಗೆ ಮೊದಲು ಒಳಹೊಕ್ಕದ್ದು ಕೋನಪ್ಪನ ಅಗ್ರಹಾರದ ಅದೇ ಟ್ಯಾಂಕರು. ಫೋಟೊಗ್ರಾಫರು ಹೇಳಿದ ಮಾತು ಮೀರದವನು. ಗೇಟಿನೊಳಗೆ ಬರುವ ಗಾಡಿಯನ್ನು ತೆಗೆ ಎಂದಿದ್ದರು, ತೆಗೆದಿದ್ದ. ಈಗಲೂ ಆ ಫೋಟೊ 'ಸಮಯಸಾರಥಿ' ಎಂಬ ಹೆಸರಿನಲ್ಲೇ ಕಂಪ್ಯೂಟರಿನಲ್ಲಿದೆಯಂತೆ.

ಸಭೆ ಕ್ಯಾಂಟೀನಿನಲ್ಲಿ ಸೇರಿತು. ಸಿದ್ಧಾರ್ಥ್ ಭಾಷಣವನ್ನು ಅಚ್ಚು ಹಾಕಿಸಿಕೊಂಡು ಬಂದಿದ್ದರು. ಅಚ್ಚಾದ ಮೇಲೆ ಓದದೆ ವಿಧಿಯಿಲ್ಲ. "ಒಂದು ದಿನವೂ ತಡವಾಗದ" ಎಂಬಲ್ಲಿಗೆ ಬಂದು ನಿಂತರು, ನೀರು ಕುಡಿದರು, ಓದಿಬಿಟ್ಟರು. ಹಿಂದಿನ ಬೆಂಚಿನಿಂದ ಶುರುವಾದ ನಗು ಮುಂದಿನವರೆಗೆ ಬಂತು. ದಾಸಪ್ಪನವರು ಮಾತ್ರ ನಗದೆ ಎದ್ದು ನಿಂತರು.

"ಸಾರ್, ಅದನ್ನ ತಿದ್ದಿಸ್ಬೇಕು. ಒಂದಿನ ಲೇಟಾಗೈತೆ. ಇವತ್ತು."

"ಪರವಾಗಿಲ್ಲ ದಾಸಪ್ಪ ಅವ್ರೇ, ಟ್ರಾಫಿಕ್ಕು..."

"ಟ್ರಾಫಿಕ್ಕೇನೂ ಇರ್ಲಿಲ್ಲ ಸಾರ್. ನಾನೇ ಆಗ್ಬೇಕಂತ ಆಗಿದ್ದು."

ಭಾಗ್ಯಮ್ಮ ಇನ್ನು ತಡೆಯಲಾರದೆ ಬುಟ್ಟಿ ಎತ್ತಿದರು. ಬಿಳಿಯ ಬಸ್ಸು ಒಂದು ಬಿರುಕೂ ಇಲ್ಲದೆ ನಿಂತಿತ್ತು. ಬಿಸ್ಕತ್ತಿನ ಒಂದು ಚಕ್ರವೂ ಸರಿದಿರಲಿಲ್ಲ. "ತಂಬಿಟ್ಟಲ್ಲ ಕಣಣ್ಣ, ಕೇಕು. ನಿನ್ ಸಲುವಾಗಿ ಮಾಡಿದ್ದು. ಮೊಟ್ಟೆ ಹಾಕಿಲ್ಲ. ನನ್ ಸುಳ್ಳಿಂದ ನಿನ್ ಹೆಸ್ರು ಕೆಟ್ಟೋಯ್ತು."

"ಹತ್ತಿದ್ ಕ್ಷಣವೇ ಗೊತ್ತಾಯ್ತು, ಏನೋ ಬ್ಯಾರೆ ಅಂತ" ಎಂದರು ದಾಸಪ್ಪನವರು. "ತಂಬಿಟ್ಟು ಹಂಪಿಗೆ ಹೆದರ್ತದಾ ಅಕ್ಕ? ಎತ್ತಾಕಿದ್ರೂ ಒಡೆಯಲ್ಲ. ನೀನು ಹಂಪ್ ಬಂದಾಗೆಲ್ಲ ಕೂಸನ್ನ ಎತ್ತಿದಂಗೆ ಎತ್ತಿ ಕಣ್ ಮುಚ್ಕತಿದ್ದೆ. ಕನ್ನಡಿಲಿ ಅದನ್ನ ನೋಡ್ಕಂಡು ಜೋರಾಗಿ ಹೆಂಗ್ ಓಡಿಸ್ಲಿ?"

ಸಿದ್ಧಾರ್ಥ್ ಚಾಕು ಕೊಟ್ಟರು. ದಾಸಪ್ಪನವರು ಕೇಕಿನ ಅಂಚಿನ ಸುತ್ತಲೂ ಕೊಯ್ದರು. ಎಲ್ಲರಿಗೂ ಹಂಚಿ, ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಭಾಗ್ಯಮ್ಮ ಅವರ ಬಾಯನ್ನೇ ನೋಡುತ್ತಿದ್ದರು.

"ಗಂಟಿಲ್ಲ" ಎಂದರು ದಾಸಪ್ಪನವರು.

ನಡುವಿನ ಬಸ್ಸಿಗೆ ಮಾತ್ರ ಚಾಕು ತಾಗಿಸಲಿಲ್ಲ. ಇದು ಮೊಮ್ಮಗಳಿಗೆ ಎಂದು ಹರಿವಾಣದಲ್ಲೇ ಉಳಿಸಿಕೊಂಡರು. ಫಲಕವನ್ನು ತಿದ್ದಿಸಿ ಕಳಿಸುವುದಾಗಿ ಸಿದ್ಧಾರ್ಥ್ ಮಾತು ಕೊಡಬೇಕಾಯಿತು.

ಸಂಜೆ ಬಸ್ಸು ಓಡಿಸಿದವನು ಹೊಸ ಡ್ರೈವರ್ ಕೊಟ್ರೇಶ್. ದಾಸಪ್ಪನವರು ಮೊಟ್ಟಮೊದಲ ಬಾರಿಗೆ ಪ್ರಯಾಣಿಕರಾಗಿ, ಕೊರಳಲ್ಲಿ ಹಾರ, ತೊಡೆಯ ಮೇಲೆ ಹರಿವಾಣ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಗೇಟಿನ ಹೊರಗಿನ ಹಂಪು ಬಂದೊಡನೆ ಹರಿವಾಣವನ್ನು ಮೇಲೆತ್ತಿ ಹಿಡಿದು ಕಣ್ಣು ಮುಚ್ಚಿಕೊಂಡರು.

"ನಿಧಾನ ಕಣಯ್ಯ."

"ಲೇಟಾಗುತ್ತಲ್ಲ ದಾಸಣ್ಣ" ಎಂದ ಕೊಟ್ರೇಶ್.

"ಆಗ್ಲಿ ಬಿಡು" ಎಂದರು ದಾಸಪ್ಪನವರು ಕಣ್ಣು ಮುಚ್ಚಿಕೊಂಡೇ. "ಮನೇಲೇನು ಸೈರನ್ ಐತಾ?"